ಹನ್ನೆರಡು ಪರಿಮಳ, ಒಂದು ಮೂಗು

ಮುಖದ ಮೇಲೆ ಮೂಗಿದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ಲೋಕ ನಂಬಿಬಿಡುತ್ತದೆ. ಕುಂಟುವವನ ಕಾಲನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ಕಿವುಡನನ್ನು ಎರಡು ಸಲ ಕೂಗಿದರೆ ಗುಟ್ಟು ಹೊರಬೀಳುತ್ತದೆ. ಮೂಗು ಹಾಗಲ್ಲ. ಅದು ಸತ್ತು ಇಪ್ಪತ್ತು ವರ್ಷವಾಗಿದ್ದರೂ ಏನೂ ಆಗದವರ ಹಾಗೆ ಮುಖದ ನಟ್ಟನಡುವೆ ಕೂತಿರಬಹುದು. ಮೇಲೆ ಕನ್ನಡಕವನ್ನೂ ಹೊತ್ತುಕೊಂಡಿರಬಹುದು. ನಮ್ಮ ಗುಮಾಸ್ತನ ಮೂಗು ಅಂಥದ್ದು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಹೋಗುವಾಗ ಬರಿಗೈಯಲ್ಲಿ ಹೋಗದೆ ಅವನ ವಾಸನೆಯ ಶಕ್ತಿಯನ್ನು ಎತ್ತಿಕೊಂಡು ಹೋಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಮದುವೆಯಾದ ಮೇಲೆ ಹೆಂಡತಿಗೂ ಹೇಳಲಿಲ್ಲ. ಮೊದಲ ವರ್ಷ ಹೇಳಲು ಸಂಕೋಚ. ಆಮೇಲೆ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ ಕೇಳುತ್ತಾಳಲ್ಲ ಎಂಬ ಭಯ. ಆ ಭಯ ವರ್ಷಕ್ಕೊಂದು ವರ್ಷ ಬೆಳೆದು ಈಗ ಹದಿನೇಳು ತುಂಬಿತ್ತು.

ಹಾಗೆ ನೋಡಿದರೆ ಸತ್ತ ಮೂಗಿನಿಂದ ಅವನಿಗೆ ಲಾಭವೇ ಆಗಿತ್ತು. ಅವನ ಕೆಲಸ ಊರಿನ ಒಳಚರಂಡಿಯ ಪಂಪ್‌ಹೌಸಿನಲ್ಲಿ. ಇಡೀ ಊರು ಬೇಡವೆಂದು ಕಳಿಸಿದ್ದೆಲ್ಲ ಬಂದು ಸೇರುವ ಆ ಜಾಗದಲ್ಲಿ ಬೇರೆ ಗುಮಾಸ್ತರು ಮೂರು ತಿಂಗಳು ನಿಂತರೆ ಹೆಚ್ಚು. ಇವನು ಕಿಟಕಿ ತೆರೆದಿಟ್ಟು, ಮೇಜಿನ ಮೇಲೆ ಬುತ್ತಿ ಬಿಚ್ಚಿ, ನಿಧಾನವಾಗಿ ಅಗಿದು ಊಟ ಮಾಡುತ್ತಿದ್ದ. ಮೇಲಧಿಕಾರಿಗಳು ಅವನನ್ನು ಕರ್ತವ್ಯನಿಷ್ಠ ಎಂದರು. ಹೆಂಡತಿ ತ್ಯಾಗಿ ಎಂದಳು. ಅವನು ಎರಡನ್ನೂ ನಿರಾಕರಿಸಲಿಲ್ಲ.

ಇಂಥ ಸುಖದ ಬಾಳಿಗೆ ಕಲ್ಲು ಹಾಕಿದವನು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಷಡ್ಡಕ ಹಳೆ ಕಾರು ಮಾರುವವನು. ಹಳೆಯದನ್ನು ಹೊಸದೆಂದು ಮಾರುವವರಿಗೆ ತಮ್ಮ ಮನೆಯಲ್ಲಿ ಹೊಸದು ಏನಿದ್ದರೂ ತೋರಿಸುವ ಚಟ ಇರುತ್ತದೆ. ಒಂದು ಸಂಜೆ ಊಟಕ್ಕೆ ಕರೆದವನು ಊಟಕ್ಕೆ ಮೊದಲು ಗಾಜಿನ ಲೋಟವೊಂದನ್ನು ತಂದಿಟ್ಟ. ಒಳಗೆ ಕೆನೆಬಣ್ಣದ ಮೇಣ, ನಡುವೆ ಒಂದು ಬತ್ತಿ.

"ಸೋಯಾ ಮೇಣ!" ಅಂದ ಷಡ್ಡಕ. "ಪರಿಮಳದ್ದು. ಎಲ್ಲರೂ ಒಂದೊಂದು ಸಲ ಮೂಸಿ ನೋಡಿ." ಲೋಟ ಕೈಯಿಂದ ಕೈಗೆ ದಾಟಿ ಗುಮಾಸ್ತನ ಹತ್ತಿರ ಬರುವಾಗ ಷಡ್ಡಕನೇ ತಡೆದ. "ಅಯ್ಯೋ, ಇವರಿಗೆ ಬೇಡ ಬಿಡಿ. ಪಂಪ್‌ಹೌಸಿನ ಮೂಗಿಗೆ ಇದರ ರುಚಿ ಎಲ್ಲಿ ಹತ್ತಬೇಕು!"

ಎಲ್ಲರೂ ನಕ್ಕರು. ಹೆಂಡತಿ ಮಾತ್ರ ತಲೆ ತಗ್ಗಿಸಿ ಸೆರಗಿನ ಅಂಚು ನೋಡಿದಳು. ಗುಮಾಸ್ತನಿಗೆ ಅವಮಾನ ತಲೆಗೇರಿತು. ಲೋಟವನ್ನು ಕಿತ್ತುಕೊಂಡವನೇ ಎರಡೂ ಕೈಯಲ್ಲಿ ಕಣ್ಣಿಗಿಂತ ಮೇಲಕ್ಕೆ ಎತ್ತಿ ಹಿಡಿದ. ಲೋಟದ ತಳದಲ್ಲಿ ಚಿಕ್ಕದೊಂದು ಚೀಟಿ ಇತ್ತು. ಅದು ಅವನಿಗೆ ಮಾತ್ರ ಕಾಣುತ್ತಿತ್ತು.

"ಮೊದಲು ಕಿತ್ತಳೆ ಸಿಪ್ಪೆ," ಅಂದ, ಕಣ್ಣು ಅರೆ ಮುಚ್ಚಿ. "ಆಮೇಲೆ... ತಡೀರಿ... ಏಲಕ್ಕಿ. ಕೊನೆಗೆ, ತುಂಬಾ ದೂರದಿಂದ ಬಂದ ಹಾಗೆ, ದೇವದಾರು ಮರ."

ಷಡ್ಡಕ ಲೋಟ ವಾಪಸು ಇಸಿದುಕೊಂಡು, ಜೊತೆಗೆ ಬಂದಿದ್ದ ಕಾಗದ ತೆಗೆದು ಓದಿದ. ಕಿತ್ತಳೆ, ಏಲಕ್ಕಿ, ದೇವದಾರು. ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಷಡ್ಡಕ ಮೂಗು ಮುರಿದ. ಗುಮಾಸ್ತ ಮಾತ್ರ ತನ್ನ ಮೂಗನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸಿದ, ಅಮೂಲ್ಯ ವಸ್ತುವನ್ನು ಒರೆಸಿಡುವ ಹಾಗೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಏನೇ?"

"ಏನಿಲ್ಲ. ಇಂಥ ಮೂಗು ಇಟ್ಕೊಂಡು ಆ ನರಕದಲ್ಲಿ ದಿನಾ ಕೂತ್ಕೋತೀರಲ್ಲ ರೀ," ಅಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಹೆಂಡತಿ ಮನೆಯಲ್ಲೇ ಕೂತು ಬೇರೆಯವರ ಬಟ್ಟೆಗೆ ಅಂಚು ಹೊಲಿದು ಕೊಡುತ್ತಿದ್ದಳು. ಮಾರನೆಯ ದಿನದಿಂದ ಹೊಲಿಗೆ ಯಂತ್ರದ ಮೇಲೆ ಫೋನ್ ಒರಗಿಸಿಟ್ಟು ಮೇಣ ಕರಗಿಸುವುದನ್ನು ನೋಡತೊಡಗಿದಳು. ವಾರದೊಳಗೆ ಒಂದು ಪಾತ್ರೆ ಕುದಿನೀರಿನಲ್ಲಿ ಇನ್ನೊಂದು ಪಾತ್ರೆ ಇಳಿಸಿ, ಸೋಯಾ ಮೇಣದ ಚಕ್ಕೆಗಳನ್ನು ಕರಗಿಸಿ, ಉಷ್ಣಮಾಪಕ ಅದ್ದಿ, ಬತ್ತಿಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ನೆಟ್ಟಗೆ ನಿಲ್ಲಿಸಿ, ವಾಸನೆಯಿಲ್ಲದ ನಾಲ್ಕು ಮೇಣದಬತ್ತಿ ಮಾಡಿಬಿಟ್ಟಳು. ಮೇಲ್ಮೈ ಕನ್ನಡಿಯ ಹಾಗೆ ನುಣ್ಣಗಿತ್ತು. ಹೆಬ್ಬೆರಳು ಮಾತ್ರ ಸುಟ್ಟುಕೊಂಡಿದ್ದಳು.

"ಹೊಲಿದು ಹೊಲಿದು ಸಾಕಾಯ್ತು ರೀ," ಅಂದಳು. "ಅಂಚು ಹೊಲಿದವರ ಹೆಸರು ಯಾರಾದ್ರೂ ಕೇಳ್ತಾರಾ? ನನ್ನದು ಅಂತ ತೋರಿಸೋ ಹಾಗೆ ಒಂದು ಮಾಡಬೇಕು."

ಆ ನಾಲ್ಕನ್ನು ಹಿಡಿದುಕೊಂಡು ದೊಡ್ಡ ರಸ್ತೆಯ ಉಡುಗೊರೆ ಅಂಗಡಿಗೆ ಹೋದಳು. ಅಂಗಡಿಯ ಒಡತಿ ಖಡಕ್ ಹೆಂಗಸು. ಮೇಣವನ್ನು ಉಗುರಿನಿಂದ ತಟ್ಟಿ ನೋಡಿ ಹೇಳಿದಳಂತೆ: "ಕೈ ಚೆನ್ನಾಗಿದೆ. ಪರಿಮಳ ಹಾಕಿ ಹನ್ನೆರಡು ಬಗೆ ಮಾಡಿ. ಮೂಸಿದ ಕೂಡಲೇ, ಚೀಟಿ ನೋಡದೆ, ಇದು ಇಂಥದ್ದು ಅಂತ ಗೊತ್ತಾಗಬೇಕು. ಮುಂದಿನ ತಿಂಗಳ ಮೊದಲ ಶನಿವಾರ ನಾನೇ ಬಂದು ನೋಡ್ತೀನಿ. ಒಪ್ಪಿಗೆಯಾದ್ರೆ ಬಾಗಿಲ ಪಕ್ಕದ ಶೆಲ್ಫು ನಿಮ್ಮದು. ಮೇಲೆ ನಿಮ್ಮ ಹೆಸರೇ ಹಾಕ್ತೀನಿ."

ಆ ಶೆಲ್ಫಿನ ಮಾತು ಹೇಳುವಾಗ ಹೆಂಡತಿ ಅದರ ಉದ್ದವನ್ನು ಎರಡು ಕೈ ಚಾಚಿ ತೋರಿಸಿದಳು. ಅವಳು ಹಾಗೆ ಕೈ ಚಾಚಿ ನಿಂತದ್ದನ್ನು ಗುಮಾಸ್ತ ಯಾವತ್ತೂ ನೋಡಿರಲಿಲ್ಲ.

"ಮೇಣ ನಂದು," ಅಂದಳು. "ಪರಿಮಳ ನಿಮ್ಮದು."

ಗುಮಾಸ್ತ ಹೆದರಲಿಲ್ಲ. ಸುಗಂಧದ ಎಣ್ಣೆಯ ಬಾಟಲಿಗಳ ಮೇಲೆ ಹೆಸರು ಬರೆದಿರುತ್ತದೆ. ಓದಲು ಬರುವವನಿಗೆ ಮೂಗು ಯಾಕೆ?

ಪಾರ್ಸಲ್ ಬಂದಾಗ ಮನೆಯಲ್ಲಿ ಇದ್ದದ್ದು ಗುಮಾಸ್ತನ ತಾಯಿ. ಮಂಡಿನೋವಿನ ಮುದುಕಿ, ಆದರೆ ಕಟ್ಟಿದ್ದು ಏನೇ ಬಂದರೂ ಬಿಚ್ಚುವ ಉತ್ಸಾಹಕ್ಕೆ ಮಂಡಿ ಅಡ್ಡಬರುತ್ತಿರಲಿಲ್ಲ. ಬಿಚ್ಚಿ, ಹುಲ್ಲು ಕಾಗದವನ್ನೆಲ್ಲ ಕಸಕ್ಕೆ ಹಾಕಿ, ಬಾಟಲಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ಸಂಜೆ ಗಂಡ ಹೆಂಡತಿ ಬಂದು ನೋಡಿದರು. ಹನ್ನೆರಡು ಪುಟ್ಟ ಕಂದು ಬಾಟಲಿ. ದಾರಿಯಲ್ಲಿ ಎಣ್ಣೆ ಸೋರಿ ಎಲ್ಲವೂ ಜಿಡ್ಡಾಗಿದ್ದವು. ಒಂದರ ಮೇಲೂ ಚೀಟಿ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಎಣ್ಣೆ ಕುಡಿದ ಕಾಗದದ ಮುದ್ದೆಯೊಂದು ಬಿದ್ದಿತ್ತು. ಹನ್ನೆರಡು ಹೆಸರಿನ ಪಟ್ಟಿ ಮಾತ್ರ ಬೇರೆ ಲಕೋಟೆಯಲ್ಲಿ ಸುಖವಾಗಿತ್ತು.

ಗುಮಾಸ್ತ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ವಾಪಸು ಕಳಿಸೋಣ."

"ಯಾಕೆ ರೀ? ಮೂಸಿ ಹೇಳಿ, ನಾನು ಬರೀತೀನಿ," ಅಂದಳು ಹೆಂಡತಿ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ನಿಮಗೆ ಇದೆಲ್ಲ ಯಾವ ಲೆಕ್ಕ!"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಗುಮಾಸ್ತ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅವಳು ಮೊದಲ ಬಾಟಲಿಯನ್ನು ಅವನ ಮೂಗಿಗೆ ಹಿಡಿದುಬಿಟ್ಟಿದ್ದಳು. ಬಾಯಿಂದ "ಗುಲಾಬಿ" ಅಂತ ಬಂತು. ಪಟ್ಟಿಯಲ್ಲಿ ಮೊದಲು ಇದ್ದದ್ದು ಅದೇ.

ಹೆಂಡತಿ ತಾನೂ ಮೂಸಿದಳು. "ನನಗೇನೋ ಕಾಫಿ ಥರ ಬರ್ತಿದೆಯಲ್ಲ?"

"ಅದು ಮೇಲುಮೇಲಿನದು," ಅಂದ ಗುಮಾಸ್ತ. ಸುಳ್ಳಿನ ವಿಶೇಷ ಅದು. ಮೊದಲನೆಯದು ಹೇಳುವಾಗ ತೊದಲುವವನು ಎರಡನೆಯದಕ್ಕೆ ಪಂಡಿತನಾಗುತ್ತಾನೆ. "ಗುಲಾಬಿ ಗಿಡದ ಬುಡದಲ್ಲಿ ಮಣ್ಣು ಇರುತ್ತಲ್ಲ, ಆ ಮಣ್ಣು ನಿನಗೆ ಕಾಫಿ ಅನ್ಸುತ್ತೆ. ಹೂವು ಅದರ ಹಿಂದೆ ಇದೆ. ಅಭ್ಯಾಸ ಬೇಕು."

ಹೆಂಡತಿ ಇನ್ನೊಂದು ಸಲ ಮೂಸಿ, ತನ್ನದೇ ತಪ್ಪೆಂದು ತಲೆಯಾಡಿಸಿ, ಗುಲಾಬಿ ಎಂದು ಬರೆದಳು. ನಾಲ್ಕನೆಯ ಬಾಟಲಿಗೆ ಬರುವಷ್ಟರಲ್ಲಿ ಎಲ್ಲ ಪರಿಮಳ ಕಲಸಿ ಅವಳ ಮೂಗು ದಣಿದು ಕೈಚೆಲ್ಲಿತು. ಗುಮಾಸ್ತನ ಮೂಗಿಗೆ ದಣಿವೆಲ್ಲಿ? ಅದು ಪಟ್ಟಿಯ ಉದ್ದಕ್ಕೂ ಸರಸರ ಓಡಿತು. ನಿಂಬೆ, ಮಲ್ಲಿಗೆ, ಗಂಧ, ಕಾಫಿ, ಪುದೀನ. ಹನ್ನೆರಡನೆಯ ಬಾಟಲಿಗೆ ಉಳಿದಿದ್ದ ಹೆಸರು "ಮೊದಲ ಮಳೆ". ಅದನ್ನು ಮೂಸಿ ಗುಮಾಸ್ತ ಭಾವುಕನೂ ಆದ. "ಕಾದ ನೆಲದ ಮೇಲೆ ಬಿದ್ದ ನಾಲ್ಕು ಹನಿ ಕಣೇ!"

ಮುಂದಿನ ಎರಡು ದಿನ ಹೆಂಡತಿಯ ಕೈ ನಿಲ್ಲಲಿಲ್ಲ, ಎಲ್ಲ ವಾಸನೆ ಸೇರಿ ದಣಿದ ಮೂಗಿಗೂ ಬಿಡುವು ಸಿಗಲಿಲ್ಲ. ಲೋಟಗಳು ಮನೆಯಲ್ಲಿದ್ದವೇ: ಹಿಡಿ ಮುರಿದ ಚಹಾ ಕಪ್ಪು ಗುಲಾಬಿಗೆ, ಜಾಮಿನ ಬಾಟಲಿ ನಿಂಬೆಗೆ, ಸ್ಟೀಲ್ ಲೋಟ ಗಂಧಕ್ಕೆ, ಹೀಗೆ ಒಂದರ ಹಾಗೆ ಇನ್ನೊಂದಿಲ್ಲ. ಮೇಣ ಎಪ್ಪತ್ತು ಡಿಗ್ರಿಗೆ ಇಳಿದಾಗ ಎಣ್ಣೆ ಹಾಕಿ, ಎರಡು ನಿಮಿಷ ಬಿಡದೆ ತಿರುವಿ, ಐವತ್ತೈದಕ್ಕೆ ಬಂದಾಗ ಹೊಯ್ದು, ಮುಚ್ಚಿ ಕಪಾಟಿನಲ್ಲಿಟ್ಟಳು. ಪರಿಮಳ ಮೇಣಕ್ಕೆ ಹಿಡಿಯಲು ಎರಡು ವಾರ ಮುಟ್ಟಬಾರದು. ಗುಲಾಬಿ, ನಿಂಬೆ ಮಾಡಿದಾಗ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಎರಡು ಸಣ್ಣ ಬಟ್ಟಲಿಗೆ ಹೊಯ್ದು, ಚೀಟಿ ಅಂಟಿಸಿ, ಪ್ರೀತಿಯಿಂದ ಕೆಳಮನೆಗೊಂದು ಮೇಲ್ಮನೆಗೊಂದು ಕೊಟ್ಟಳು.

"ನನ್ನ ಮಂಡಿ ಎಣ್ಣೆ ಬಾಟಲಿ ಎಲ್ಲೋಯ್ತೋ?" ಅಂತ ತಾಯಿ ಒಂದು ವಾರ ಹುಡುಕಿದಳು. ಆ ಗಡಿಬಿಡಿಯಲ್ಲಿ ಮುದುಕಿಯ ಎಣ್ಣೆ ಯಾರಿಗೆ ಬೇಕು!

ಹತ್ತನೆಯ ದಿನ ಕೆಳಮನೆಯ ಟೀಚರ್ ಮೆಟ್ಟಿಲು ಹತ್ತಿ ಬಂದರು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತಪ್ಪು ಎಂಬುದನ್ನು ಅವರು ಬೇರೆಯವರ ಪುಸ್ತಕದಲ್ಲಿ ಮಾತ್ರ ಕಂಡಿದ್ದರು. ಹೆಂಡತಿ ನೀರು ತರಲು ಹೋಗಿದ್ದಳು. ಬಟ್ಟಲನ್ನು ಗುಮಾಸ್ತನ ಮುಂದಿಟ್ಟು ದನಿ ತಗ್ಗಿಸಿದರು.

"ಗುಲಾಬಿ ಅಂತ ಬರೆದಿದೆ. ನನಗೆ ಕಾಫಿ ಬರ್ತಿದೆ. ಮೂರು ದಿನದಿಂದ ಹಚ್ಚಿ ನೋಡ್ತಿದ್ದೀನಿ, ಬರೀ ಕಾಫಿ. ನಿನ್ನ ಮೂಗಿನ ಸುದ್ದಿ ನಿನ್ನ ಹೆಂಡತಿ ಹೇಳಿದ್ದಾಳೆ. ನೀನೇ ಹೇಳಪ್ಪ, ಇದು ಏನು?"

ಗುಮಾಸ್ತ ಬಟ್ಟಲು ಎತ್ತಿ ಮೂಸಿದ. ಟೀಚರ ಮುಖ ನೋಡಿದ. ಕಾಫಿ ಎಂದರೆ ಹನ್ನೆರಡು ಚೀಟಿಯೂ ಬಿದ್ದುಹೋಗುತ್ತವೆ.

"ಗುಲಾಬಿನೇ ಟೀಚರ್."

ಟೀಚರು ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ನನಗೇ ಏನೋ ಆಗಿದೆ."

"ಒಂದು ಸಲ ಡಾಕ್ಟರಿಗೆ ತೋರಿಸಿ," ಅಂದ ಗುಮಾಸ್ತ, ಅತ್ಯಂತ ಕಾಳಜಿಯಿಂದ.

ಅದೇ ಸಂಜೆ ಮೇಲ್ಮನೆಯ ಬಸ್ ಡ್ರೈವರ್ ಅವನನ್ನು ಮೆಟ್ಟಿಲಲ್ಲೇ ಹಿಡಿದ. "ಅಣ್ಣಾ, ನಿಂಬೆ ಅಂತ ಕೊಟ್ರಲ್ಲ ಅತ್ತಿಗೆ, ಅದರಲ್ಲಿ ನನಗೆ ಚಕ್ಕೆ ವಾಸನೆ ಬರ್ತಿದೆ. ಮೂಗು ಹೋಯ್ತಾ ಅಂತ ಭಯ ನನಗೆ. ಇಂಜಿನ್ ಸುಟ್ರೆ ಮೂಗಿಗೆ ಮೊದಲು ಗೊತ್ತಾಗಬೇಕು. ಡಿಪೋದಲ್ಲಿ ತಿಳಿದ್ರೆ ಸ್ಟೇರಿಂಗ್ ಕೊಡಲ್ಲ ಅಣ್ಣಾ!"

"ನಿಂಬೆ ಸರಿಯಾಗಿದೆ. ನೀನೂ ಡಾಕ್ಟರಿಗೆ ತೋರಿಸು."

ಬೀದಿಯ ಕೊನೆಯ ಡಾಕ್ಟರು ಟೀಚರ ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು, ಡ್ರೈವರನ ಮೂಗಿನೊಳಗೂ ನೋಡಿದರು. ಎರಡು ಮೂಗೂ ಚೆನ್ನಾಗಿದ್ದವು. ಅದೇ ಅವರಿಗೆ ಹೆಚ್ಚಿನ ಚಿಂತೆಯಾಯಿತು. ಒಂದೇ ಕಟ್ಟಡದ ಇಬ್ಬರು, ಒಂದೇ ವಾರ, ಇದ್ದ ವಾಸನೆ ಬಿಟ್ಟು ಇಲ್ಲದ ವಾಸನೆ! ಡಾಕ್ಟರು ಆರೋಗ್ಯ ಇಲಾಖೆಗೆ ಪತ್ರ ಬರೆದರು. ಇಲಾಖೆಯವರು ಯಾವ ಪತ್ರಕ್ಕೂ ಆರು ತಿಂಗಳಿಗೆ ಮೊದಲು ಉತ್ತರ ಕೊಟ್ಟವರಲ್ಲ. ಈ ಪತ್ರಕ್ಕೆ ಮಾತ್ರ ನಾಲ್ಕೇ ದಿನದಲ್ಲಿ ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವನು ಬಂದದ್ದು ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತಕ್ಕೆ. ಅಂಗಡಿಯ ಒಡತಿ ಬಂದು ಚಪ್ಪಲಿ ಬಿಟ್ಟು ಐದು ನಿಮಿಷವಾಗಿತ್ತು.

ಹೆಂಡತಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹನ್ನೆರಡು ಮೇಣದಬತ್ತಿಯನ್ನು ಸಾಲಾಗಿ ಜೋಡಿಸಿದ್ದಳು. ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅಧಿಕಾರಿ ದಪ್ಪ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ನೇರ ಒಳಗೆ ಬಂದ. ಹಿಂದೆ ಟೀಚರು, ಅವರ ಹಿಂದೆ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದ ಡ್ರೈವರ್.

"ಈ ಕಟ್ಟಡದಲ್ಲಿ ಮೂಗಿನ ರೋಗ ಹರಡಿದೆ," ಅಂದ ಅಧಿಕಾರಿ. "ಎಲ್ಲರನ್ನೂ ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಬೇಕಾದ ವಾಸನೆಗಳನ್ನ ಇಲಾಖೆ ಇನ್ನೂ ಮಂಜೂರು ಮಾಡಿಲ್ಲ..." ಅವನ ಕಣ್ಣು ಮೇಜಿನ ಮೇಲೆ ಬಿತ್ತು. "ಓಹೋ! ಇಲ್ಲೇ ಇವೆಯಲ್ಲ. ಹೆಸರೂ ಬರೆದಿದೆ."

"ಅವು ಮಾರಾಟಕ್ಕೆ..." ಅಂದಳು ಹೆಂಡತಿ.

"ಮುಟ್ಟೋದಿಲ್ಲಮ್ಮ, ಮೂಸ್ತೀವಿ ಅಷ್ಟೆ."

"ಮೂಸಲಿ ಬಿಡಿ," ಅಂದಳು ಒಡತಿ, ಕುರ್ಚಿ ಎಳೆದು ಕೂತು. "ನಾನೂ ಅದನ್ನೇ ಮಾಡೋಕೆ ಬಂದಿದ್ದು. ಚೀಟಿ ನೋಡದೆ ಎಷ್ಟು ಜನ ಹೇಳ್ತಾರೆ ನೋಡೋಣ."

ಗುಮಾಸ್ತ ಗೋಡೆಗೆ ಒರಗಿದ.

ಟೀಚರ ಕಣ್ಣಿಗೆ ಬಟ್ಟೆ ಕಟ್ಟಿದರು. ಗುಲಾಬಿಗೆ ಕಾಫಿ ಅಂದರು. ತಪ್ಪು. ಕಾಫಿಗೆ ಮಲ್ಲಿಗೆ ಅಂದರು. ತಪ್ಪು. ತಮ್ಮ ಜೀವನದಲ್ಲೇ ಮೊದಲ ಬಾರಿಗೆ ಹನ್ನೆರಡಕ್ಕೆ ಸೊನ್ನೆ ಪಡೆದ ಟೀಚರು ಬಟ್ಟೆ ಬಿಚ್ಚಿ, "ಇನ್ನೊಂದು ಸಲ ಬರೀಬಹುದಾ?" ಅಂತ ಕೇಳಿದರು. ಡ್ರೈವರನಿಗೂ ಸೊನ್ನೆ. ಗುಮಾಸ್ತನ ತಾಯಿ ಹನ್ನೊಂದು ತಪ್ಪು ಹೇಳಿ, ಕೊನೆಯ "ಮೊದಲ ಮಳೆ"ಯನ್ನು ಮೂಸಿ, "ಇದು ನನ್ನ ಮಂಡಿ!" ಎಂದು ಕೂಗಿದಳು. ಅಧಿಕಾರಿ ಅವಳ ಹೆಸರಿನ ಮುಂದೆ "ತೀವ್ರ" ಎಂದು ಬರೆದುಕೊಂಡ.

"ಸಾರ್, ಚೀಟಿನೇ ತಪ್ಪಿರಬಹುದಲ್ಲ?" ಅಂದ ಡ್ರೈವರ್.

"ಬರೆದಿದೆಯಲ್ಲಪ್ಪ!" ಅಧಿಕಾರಿ ಚೀಟಿಯ ಮೇಲೆ ಬೆರಳಿಟ್ಟ. "ಬರೆದದ್ದು ತಪ್ಪಾಗುತ್ತಾ? ಬರೆದದ್ದೇ ತಪ್ಪು ಅಂದ್ರೆ ಇಲಾಖೆ ನಡೆಯೋದು ಹೇಗೆ? ಮುಂದಿನವರು ಬನ್ನಿ!"

ಮುಂದಿನವನು ಗುಮಾಸ್ತ. ಕಣ್ಣಿಗೆ ಬಟ್ಟೆ ಬಿತ್ತು. ಅಧಿಕಾರಿ ಮೊದಲನೆಯದನ್ನು ಕೈಗೆ ಕೊಟ್ಟ. ಬೆರಳಿಗೆ ಮುರಿದ ಹಿಡಿಯ ಗಂಟು ತಗುಲಿತು. "ಗುಲಾಬಿ," ಅಂದ. ತಣ್ಣಗಿನ ಸ್ಟೀಲ್ ಲೋಟ ಬಂತು. "ಗಂಧ." ಜಾಮಿನ ಬಾಟಲಿಯ ಉಬ್ಬು ಬಂತು. "ನಿಂಬೆ." ಹನ್ನೆರಡಕ್ಕೆ ಹನ್ನೆರಡು! ಬಟ್ಟೆ ಬಿಚ್ಚಿದಾಗ ಅಧಿಕಾರಿ ಎದ್ದು ನಿಂತಿದ್ದ.

"ಇಡೀ ಕಟ್ಟಡಕ್ಕೆ ಇದೊಂದೇ ಆರೋಗ್ಯವಂತ ಮೂಗು," ಎಂದು ಘೋಷಿಸಿ, ರಿಜಿಸ್ಟರಿನಲ್ಲಿ ಬರೆದು, ಕೆಳಗೆ ಮೊಹರನ್ನೂ ಒತ್ತಿದ.

ಉಳಿದವಳು ಹೆಂಡತಿ. ಅವಳು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಮುರಿದ ಕಪ್ಪನ್ನು ಕೈಗೆ ತೆಗೆದುಕೊಂಡು ಮೂಸಿದಳು. ಎರಡು ವಾರದಿಂದ ಅವನ್ನು ಮುಟ್ಟಿರಲಿಲ್ಲ; ಮೂಗು ದಣಿದಿರಲಿಲ್ಲ. ಇನ್ನೊಂದು ಸಲ ಮೂಸಿದಳು.

"ಹೇಳಮ್ಮ."

"ಮುಟ್ಟಿದ್ರೆ ಗುಲಾಬಿ ಕಪ್ಪು ಅಂತ ಗೊತ್ತಾಗುತ್ತೆ ಸಾರ್, ನಾನೇ ಹೊಯ್ದಿದ್ದು," ಅಂದಳು ಮೆಲ್ಲಗೆ. "ಆದ್ರೆ ನೀವು ಕೇಳ್ತಿರೋದು ಮೂಗನ್ನ. ಮೂಗಿಗೆ ಇದು ಕಾಫಿ."

"ತಪ್ಪು," ಅಂದ ಅಧಿಕಾರಿ. ಆಮೇಲೆ ಒಂದೊಂದಾಗಿ ಎಲ್ಲವೂ ತಪ್ಪು. ರಿಜಿಸ್ಟರು ಮುಚ್ಚಿ ಹೇಳಿದ: "ನೋಡಮ್ಮ, ಮೂಗು ಕೆಟ್ಟವರು ಪರಿಮಳದ ವಸ್ತು ತಯಾರಿಸೋ ಹಾಗಿಲ್ಲ. ಅಂಥ ನಿಯಮ ಇದೆಯೋ ಇಲ್ಲವೋ ನೋಡ್ತೀನಿ. ಇಲ್ಲದಿದ್ರೆ ಮಾಡಿಸ್ತೀನಿ."

ಒಡತಿ ಎದ್ದು ಚೀಲವನ್ನು ಹೆಗಲಿಗೇರಿಸಿದಳು. "ಬೇಜಾರು ಮಾಡ್ಕೋಬೇಡಿ. ಒಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗದ ಪರಿಮಳ ಇಟ್ಕೊಂಡು ನಾನೇನು ಮಾಡಲಿ? ಶೆಲ್ಫು ಬೇರೆಯವರಿಗೆ ಹೇಳ್ತೀನಿ."

ಹೆಂಡತಿ ಬಿಳಿ ಬಟ್ಟೆಯ ಒಂದು ಮಡಿಕೆಯನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಹೆಬ್ಬೆರಳಿನ ಸುಟ್ಟ ಕಲೆ ಇನ್ನೂ ಮಾಸಿರಲಿಲ್ಲ.

"ನನಗೆ ಮೂಗಿಲ್ಲ," ಅಂದ ಗುಮಾಸ್ತ.

ಎಲ್ಲರೂ ತಿರುಗಿ ಅವನ ಮೂಗನ್ನು ನೋಡಿದರು.

"ಅಂದ್ರೆ ಇದೆ. ಕೆಲಸ ಮಾಡಲ್ಲ. ಇಪ್ಪತ್ತು ವರ್ಷ ಆಯ್ತು. ಚೀಟಿ ಎಲ್ಲಾ ನಾನು ಬಾಯಿಗೆ ಬಂದ ಹಾಗೆ ಬರೆಸಿದ್ದು. ಇವಳ ಮೂಗು ಸರಿಯಾಗಿದೆ. ಎಲ್ಲರದ್ದೂ ಸರಿಯಾಗಿದೆ. ಲೋಟ ಮುಟ್ಟಿ ನೋಡಿ ಹೇಳಿದೆ ನಾನು."

ಟೀಚರು ನಿಟ್ಟುಸಿರು ಬಿಟ್ಟರು. "ಎಂಥ ಮನುಷ್ಯ ನೋಡಿ! ಹೆಂಡತಿಗೋಸ್ಕರ ಇಂಥ ಮೂಗನ್ನೇ ಬಲಿ ಕೊಡ್ತಿದ್ದಾನೆ."

"ಇಲ್ಲ ಟೀಚರ್, ನಿಜವಾಗ್ಲೂ..."

"ವಿನಯ," ಅಂದಳು ಒಡತಿ.

"ಮೊಹರು ಒತ್ತಾಗಿದೆ," ಅಂದ ಅಧಿಕಾರಿ. "ಈಗ ನೀವು ಮೂಗಿಲ್ಲ ಅಂದ್ರೆ ಹೇಗೆ? ಇಲಾಖೆಯ ಪ್ರಕಾರ ನಿಮಗೆ ಮೂಗಿದೆ."

ಸುಳ್ಳು ಹೇಳಿದಾಗ ಒಂದು ಮಾತಿಗೆ ನಂಬಿದ ಜನ ನಿಜ ಹೇಳಿದಾಗ ಪುರಾವೆ ಕೇಳುತ್ತಾರೆ. ಆಗ ಮುಂದೆ ಬಂದವನು ಡ್ರೈವರ್. "ಇರಿ ಇರಿ. ಇದಕ್ಕೆ ನನ್ನ ಹತ್ರ ಒಂದು ಪರೀಕ್ಷೆ ಇದೆ. ಕಟ್ಟಿ ಅಣ್ಣನ ಕಣ್ಣಿಗೆ. ಕೈ ಹಿಂದಕ್ಕೆ."

ಮತ್ತೆ ಬಟ್ಟೆ ಕಟ್ಟಿದರು. ಡ್ರೈವರ್ ಬಾಗಿ ಬೂಟು ಬಿಚ್ಚಿದ. ಎರಡು ಪಾಳಿ, ಹದಿನಾರು ಗಂಟೆ, ಇಂಜಿನ್ನಿನ ಕಾವಿನ ಪಕ್ಕದಲ್ಲೇ ಇದ್ದ ಕಾಲಿನಿಂದ ಕಾಲುಚೀಲವನ್ನು ಸುಲಿದು ತೆಗೆದ. ಟೀಚರು ಬಾಗಿಲಿಗೆ ಓಡಿದರು. ಒಡತಿ ಚೀಲವನ್ನೇ ಮುಖಕ್ಕೆ ಒತ್ತಿಕೊಂಡಳು. ಅಧಿಕಾರಿ ರಿಜಿಸ್ಟರಿನ ಹಿಂದೆ ಮರೆಯಾದ. ಡ್ರೈವರ್ ತಾನೇ ಮುಖ ತಿರುಗಿಸಿಕೊಂಡು, ಅದನ್ನು ಗುಮಾಸ್ತನ ಮೂಗಿನ ಕೆಳಗೆ ತೂಗಾಡಿಸಿದ.

"ಉಸಿರು ಎಳ್ಕೊಳ್ಳಿ ಅಣ್ಣಾ."

ಗುಮಾಸ್ತ ಎಳೆದುಕೊಂಡ. ಇನ್ನೊಂದು ಸಲ ದೀರ್ಘವಾಗಿ ಎಳೆದುಕೊಂಡ. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಏನೋ ಒದ್ದೆ ಬಟ್ಟೆ ಇಟ್ಟ ಹಾಗಿದೆ," ಅಂದ. "ತಂಪಾಗಿದೆ. ಇನ್ನೂ ಶುರು ಮಾಡಿಲ್ವಾ?"

"ಸಾಕು!" ಬಾಗಿಲಾಚೆಯಿಂದ ಟೀಚರು ಕೂಗಿದರು. "ಸಾಧಿಸಿ ಆಯ್ತು! ಇದಕ್ಕೆ ತಂಪಾಗಿದೆ ಅಂದವನಿಗೆ ಮೂಗಿಲ್ಲ. ಮೊದಲು ಅದನ್ನ ಹೊರಗೆ ಎಸೀರಿ!"

ಕಾಲುಚೀಲ ಕಿಟಕಿಯಿಂದಾಚೆ ಹೋಯಿತು. ಕೆಳಗೆ ಯಾರೋ ಬೈದದ್ದು ಕೇಳಿಸಿತು. ಗುಮಾಸ್ತ ಕಣ್ಣಿನ ಬಟ್ಟೆ ಬಿಚ್ಚಿದಾಗ ಎದುರಿಗೆ ಹೆಂಡತಿ ನಿಂತಿದ್ದಳು. ಅವನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಹದಿನೇಳು ವರ್ಷ ಒಂದರ ಹಿಂದೊಂದು ಸಾಲಾಗಿ ನಿಂತು ಲೆಕ್ಕ ಕೇಳುತ್ತಿದ್ದವು. ಆದರೆ ಅವಳು ಮೇಜಿಗೆ ಹೋಗಿ ಮುರಿದ ಕಪ್ಪಿನ ಚೀಟಿಯನ್ನು ಪರ್ರೆಂದು ಕಿತ್ತಳು.

"ಕಾಫಿ," ಅಂದಳು.

"ಕಾಫಿನೇ!" ಅಂದರು ಟೀಚರು, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ.

ಎರಡನೆಯದನ್ನು ಕಿತ್ತಳು. "ಚಕ್ಕೆ."

"ಚಕ್ಕೆ! ನಾನು ಹೇಳಲಿಲ್ವಾ?" ಡ್ರೈವರ್ ಒಂಟಿ ಬೂಟಿನಲ್ಲೇ ಕುಣಿದ. "ನನ್ನ ಮೂಗು ಸರಿಯಾಗಿದೆ! ಬಸ್ಸು ನಂದೇ!"

ಒಂದೊಂದೇ ಚೀಟಿ ಕಿತ್ತು, ಒಂದೊಂದೇ ಮೂಸಿ, ಅವಳು ಹೆಸರು ಹೇಳುತ್ತಾ ಹೋದಳು. ಯಾವುದಕ್ಕೂ ಗಂಡನ ಮುಖ ನೋಡಲಿಲ್ಲ. ಪ್ರತಿಯೊಂದಕ್ಕೂ ಒಡತಿ ಬಗ್ಗಿ ಮೂಸಿ ಹೌದೆಂದು ತಲೆಯಾಡಿಸಿದಳು. ಕೊನೆಯದಾಗಿ "ಮೊದಲ ಮಳೆ"ಗೆ ಬಂದು ನಿಂತಳು. ಮೂಸಿದಳು. ಹುಬ್ಬು ಗಂಟಿಕ್ಕಿದಳು.

"ಅತ್ತೇ, ಆ ಪಾರ್ಸಲ್ ಬಿಚ್ಚಿದಾಗ ಬಾಟಲಿ ಎಷ್ಟಿತ್ತು?"

"ಹನ್ನೆರಡು. ಒಂದು ಪೂರ್ತಿ ಸೋರಿ ಖಾಲಿಯಾಗಿತ್ತು, ಕಸಕ್ಕೆ ಹಾಕ್ದೆ," ಅಂದಳು ಮುದುಕಿ. "ಅದಿರ್ಲಿ, ಮೇಜಿನ ಮೇಲೆ ನಾನಿಟ್ಟಿದ್ದ ಮಂಡಿ ಎಣ್ಣೆ ಎಲ್ಲಿ ಅಂತ ಕೇಳ್ತಿದ್ದೀನಿ, ಯಾರಾದ್ರೂ ಹೇಳ್ತೀರಾ?"

"ಇಲ್ಲಿದೆ ಅತ್ತೆ," ಎಂದು ಹೆಂಡತಿ ಆ ಲೋಟವನ್ನು ಅವಳ ಕೈಗಿಟ್ಟಳು. ಮುದುಕಿ ಮೇಣವನ್ನು ಬೆರಳಿನಿಂದ ಕೆರೆದು ಅಲ್ಲೇ ಮಂಡಿಗೆ ತಿಕ್ಕಿಕೊಂಡಳು. ಸೋಯಾ ಮೇಣ ಮೆತ್ತಗಿನದು, ಮೈಗೆ ಚೆನ್ನಾಗಿ ಹಿಡಿಯಿತು. "ಹಿಂದಿನದಕ್ಕಿಂತ ಇದೇ ವಾಸಿ," ಅಂದಳು.

ಒಡತಿ ಹನ್ನೊಂದನ್ನೂ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಹನ್ನೆರಡನೆಯದು ಬುಧವಾರದೊಳಗೆ ಮಾಡಿಡಿ, ಹದಿನೈದು ದಿನ ಬಿಟ್ಟು ತಗೋತೀನಿ. ಶೆಲ್ಫಿನ ಮೇಲೆ ಯಾರ ಹೆಸರು ಹಾಕಲಿ? ಇಬ್ಬರದ್ದಾ?"

"ನನ್ನದೊಂದೇ ಹಾಕಿ," ಅಂದಳು ಹೆಂಡತಿ.

ಅಧಿಕಾರಿಗೆ ಮಾತ್ರ ದಾರಿ ಕಾಣಲಿಲ್ಲ. ಮೊಹರು ಒತ್ತಿದ ಪುಟವನ್ನು ಹರಿಯುವಂತಿಲ್ಲ. ಕೊನೆಗೆ ಯೋಚಿಸಿ ಯೋಚಿಸಿ ಕೆಳಗೆ ಒಂದು ಸಾಲು ಸೇರಿಸಿದ: "ರೋಗಿಗಳು ಒಟ್ಟು ಒಬ್ಬರು. ರೋಗ ಹರಡುವುದಿಲ್ಲ. ಆದರೆ ಸಲಹೆ ಕೊಡುತ್ತದೆ."

ಎಲ್ಲರೂ ಹೋದರು. ಸಂಜೆ ಅಡುಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗುಮಾಸ್ತ ಮೇಣ ಹಿಡಿದ ಪಾತ್ರೆಗಳನ್ನು ಬಿಸಿನೀರಿನಲ್ಲಿ ತಿಕ್ಕುತ್ತಿದ್ದ. ಯಾರೂ ಹೇಳಿರಲಿಲ್ಲ, ತಿಕ್ಕುವುದು ಒಳ್ಳೆಯದು ಎಂದು ಅವನಿಗೇ ತೋರಿತ್ತು. ಹೆಂಡತಿ ಒಲೆಗೆ ಬೆನ್ನು ಹಾಕಿ, ಸೌಟು ಹಿಡಿದು ನಿಂತಳು.

"ಹಾಗಾದ್ರೆ ಇಷ್ಟು ವರ್ಷ, ಒಳಗೆ ಕಾಲಿಟ್ಟ ಕೂಡಲೇ 'ಘಮ್ ಅಂತಿದೆ' ಅಂತಿದ್ರಲ್ಲ?"

"ಹೂಂ."

"ಸೀದ ದಿನ 'ಇವತ್ತು ಹಸಿವಿಲ್ಲ' ಅಂತಿದ್ರಿ. ಅದು ಹೇಗೆ ಗೊತ್ತಾಗ್ತಿತ್ತು?"

"ನಿನ್ನ ಮುಖ ನೋಡಿ."

ಹೆಂಡತಿ ಸೌಟನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ದಿನಾ ನೋಡ್ತಿದ್ರಾ?"

"ದಿನಾ."

"ಸರಿ, ಈಗ ನೋಡಿ ಹೇಳಿ," ಅಂದಳು. "ಏನು ಸೀಯ್ತಿದೆ?"

ಗುಮಾಸ್ತ ಪಾತ್ರೆ ಕೆಳಗಿಟ್ಟು ಅವಳ ಮುಖವನ್ನು ಎಚ್ಚರಿಕೆಯಿಂದ ನೋಡಿದ. ಹಣೆ ನೋಡಿದ, ಹುಬ್ಬು ನೋಡಿದ. ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆದ್ದ ಹಾಗಿತ್ತು. ಅವನಿಗೆ ಧೈರ್ಯ ಬಂತು.

"ಏನೂ ಸೀಯ್ತಿಲ್ಲ," ಅಂದ.

"ಅನ್ನ ತಳ ಹತ್ತಿ ಕಾಲು ಗಂಟೆ ಆಯ್ತು," ಅಂದಳು ಹೆಂಡತಿ. "ಹೋಗಿ ಒಲೆ ಆರಿಸಿ."